ಗಣಕಯಂತ್ರದ ಸ್ಮೃತಿಯನ್ನು ಹೆಚ್ಚಿಸುವ ಕ್ರಮ



ಕರ್ಜಗಿಯಂಥ ಊರುಗಳ ಶಾಲೆಗಳಲ್ಲಿ ಗಣಕಯಂತ್ರಗಳು ಕೆಲವೇ ಇರುವವು. ಅವುಗಳಲ್ಲಿಯೂ ಹಳೆಯವೇ ಹೆಚ್ಚು. ಒಂದು ಯಂತ್ರವು ಮಂದವಾಯಿತೆಂದು ಮೂಲೆಗೆ ಸೇರಿಸಿದರೆ ಅದರ ಮುಂದೆ ಕೂಡ್ರುವ ಇಬ್ಬರು ಮೂವರು ಹುಡುಗಿಯರ ಪಾಠವೇ ನಿಂತುಹೋಗುವದು. ಹೊಸದನ್ನು ಕೊಳ್ಳುವ ಶಕ್ತಿಯು ಎಲ್ಲ ಶಾಲೆಗಳಿಗಾಗಲಿ ಎಲ್ಲ ಮನೆಗಳಿಗಾಗಲಿ ಇಲ್ಲ. ಅನೇಕ ಸಂದರ್ಭಗಳಲ್ಲಿ ಒಂದು ರ್‍ಯಾಮ್ ಪಟ್ಟಿಯನ್ನು ಕೂಡಿಸಿದರೆ ಸಾಕಾಗುವದು. ಆದರೆ ಒಳಗೆ 4 ಜಿಬಿಯ ಪಟ್ಟಿ ಇರುವಾಗ ಅದರ ಸಂಗಡ 8 ಜಿಬಿಯ ಪಟ್ಟಿಯನ್ನು ಇಡಬಹುದೋ? ಸಮವಲ್ಲದ ಜೋಡಿಯು ಕೂಡದೆಂದು ಹೇಳುವವರುಂಟು. ಆ ಮಾತಿನಲ್ಲಿ ನಿಜವೆಷ್ಟು, ಭಯವೆಷ್ಟು ಎಂಬದನ್ನು ಈಗ ವಿಚಾರಿಸೋಣ.

1. ರ್‍ಯಾಮಿನ ಕೆಲಸ

ಮನೆಯ ಕಣಜದಲ್ಲಿ ವರ್ಷಕ್ಕೆ ಬೇಕಾದ ಜೋಳವಿರುವದು. ಪರಾತದಲ್ಲಿ ಈಗ ನಾದುವ ಹಿಟ್ಟು ಮಾತ್ರ ಇರುವದು. ಗಣಕಯಂತ್ರದ ಹಾರ್ಡ್ ಡಿಸ್ಕು ಕಣಜದಂತೆ, ರ್‍ಯಾಮು ಪರಾತದಂತೆ. ಪರಾತವು ಚಿಕ್ಕದಾದರೆ ಪದೇ ಪದೇ ಎದ್ದು ಹೋಗಬೇಕಾಗುವದು. ಹಾಗೆಯೇ ರ್‍ಯಾಮು ಸಾಲದಿದ್ದರೆ ಯಂತ್ರವು ಮತ್ತೆ ಮತ್ತೆ ಡಿಸ್ಕಿಗೆ ಹೋಗಿ ಬರುವದು. ಮಂದತನಕ್ಕೆ ಇದೇ ಒಂದು ಮುಖ್ಯ ಕಾರಣ.

ಈಗಿನ ರ್‍ಯಾಮಿನ ಮೂಲ ಕಲ್ಪನೆಯನ್ನು ಅಮೇರಿಕದ ಐಬಿಎಂ ಕಂಪನಿಯ ರಾಬರ್ಟ್ ಡೆನಾರ್ಡ್ ಎಂಬವರು 1966ರಲ್ಲಿ ಕಂಡುಹಿಡಿದರು. 1968ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಇದರಲ್ಲಿ ಒಂದೊಂದು ಬಿಟ್ ಅತಿ ಸಣ್ಣ ವಿದ್ಯುತ್ ಸಂಗ್ರಹವಾಗಿ ನಿಲ್ಲುವದು. ಅದು ಸೋರಿಹೋಗುವದರಿಂದ ಸುಮಾರು 64 ಮಿಲಿಸೆಕೆಂಡಿಗೊಮ್ಮೆ ಅದನ್ನು ಹೊಸದಾಗಿ ತುಂಬಬೇಕು. ಕರೆಂಟು ಹೋದೊಡನೆ ರ್‍ಯಾಮು ಎಲ್ಲವನ್ನೂ ಮರೆಯುವದು ಇದರಿಂದಲೇ. ನೀವು ಉಳಿಸಿಟ್ಟ ಬರಹಗಳಾದರೋ ಡಿಸ್ಕಿನಲ್ಲಿರುವವು. ಆದಕಾರಣ ರ್‍ಯಾಮ್ ಪಟ್ಟಿಯನ್ನು ತೆಗೆದರೆ ಅವು ಅಳಿದುಹೋಗುವವೆಂದು ಅಂಜತಕ್ಕದ್ದಿಲ್ಲ.

2. ಸಮವಲ್ಲದ ಜೋಡಿ

ಡೆಸ್ಕ್‌ಟಾಪ್ ಯಂತ್ರಗಳಲ್ಲಿ ಪ್ರೊಸೆಸರಿನಿಂದ ರ್‍ಯಾಮಿಗೆ ಸಾಮಾನ್ಯವಾಗಿ ಎರಡು ಹಾದಿಗಳುಂಟು. ಇವಕ್ಕೆ ಚಾನಲ್ ಎನ್ನುವರು. ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿಯ ಎರಡು ಬಂಡಿಗಳು ಬಂದವೆಂದು ಎಣಿಸಿರಿ. ಒಂದರಲ್ಲಿ 4 ಚೀಲ, ಇನ್ನೊಂದರಲ್ಲಿ 8 ಚೀಲ; ಬಂಡಿಗೊಬ್ಬ ಹಮಾಲನು. ಮೊದಲು ಇಬ್ಬರೂ ಕೂಡಿಯೇ ನಾಲ್ಕು ನಾಲ್ಕು ಚೀಲಗಳನ್ನು ಇಳಿಸುವರು. ಬಳಿಕ ಉಳಿದ 4 ಚೀಲಗಳನ್ನು ಒಬ್ಬನೇ ಇಳಿಸುವನು. 4 ಮತ್ತು 8 ಜಿಬಿಯ ಪಟ್ಟಿಗಳ ಸಂಗತಿಯೂ ಹೀಗೆಯೇ. ಎರಡರಿಂದಲೂ 4 ಜಿಬಿ ಕೂಡಿ 8 ಜಿಬಿಯು ಜೋಡಿಯಾಗಿ ನಡೆಯುವದು; ಉಳಿದ 4 ಜಿಬಿಯು ಒಂಟಿ ಹಾದಿಯಲ್ಲಿ ನಡೆಯುವದು. ಒಟ್ಟು 12 ಜಿಬಿಯೂ ಉಪಯೋಗಕ್ಕೆ ಬರುವದು. ಇಂಟೆಲ್ ಕಂಪನಿಯವರು ಈ ಏರ್ಪಾಟಿಗೆ ಫ್ಲೆಕ್ಸ್ ಮೆಮೊರಿ ಎಂದು ಹೆಸರಿಟ್ಟಿದ್ದಾರೆ.

ಒಂಟಿ ಹಾದಿಯಿಂದ ಆಗುವ ನಷ್ಟವೆಷ್ಟು? ಡಿಡಿಆರ್4-2400 ಎಂಬ ಪಟ್ಟಿಯು ಒಂದು ಹಾದಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 19.2 ಜಿಬಿಯನ್ನು ಸಾಗಿಸಬಲ್ಲದು. ಎರಡು ಹಾದಿಗಳಲ್ಲಿ 38.4 ಜಿಬಿ. ಆದರೆ ತಿರುಗುವ ಹಾರ್ಡ್ ಡಿಸ್ಕಿನ ವೇಗವು ಸೆಕೆಂಡಿಗೆ ಒಂದು ಜಿಬಿಯ ಐದನೆಯ ಒಂದು ಪಾಲನ್ನು ಮುಟ್ಟುವದೇ ಕಷ್ಟ. ಆದಕಾರಣ 10 ಜಿಬಿ ಬೇಡುವ ಕೆಲಸಕ್ಕೆ ಸಮಜೋಡಿಯ 8 ಜಿಬಿಗಿಂತ ಸಮವಲ್ಲದ 12 ಜಿಬಿಯೇ ಮೇಲು. ಕೆಲಸವು 8 ಜಿಬಿಯೊಳಗೇ ಮುಗಿಯುವಂತಿದ್ದರೆ ಸಮಜೋಡಿಯೇ ಸಾಕು. ಚಿತ್ರ ತೋರಿಸಲು ಬೇರೆ ಕಾರ್ಡಿಲ್ಲದ ಯಂತ್ರವು ಇದೇ ರ್‍ಯಾಮನ್ನು ಚಿತ್ರಕ್ಕೂ ಬಳಸುವದರಿಂದ ಅಲ್ಲಿ ಜೋಡಿಯ ಲಾಭವು ಹೆಚ್ಚು.

3. ಕೂಡುವದು ಯಾವದು, ಕೂಡದ್ದು ಯಾವದು

ಅಳತೆಯು ಬೇರೆಯಾಗಬಹುದು, ಜಾತಿಯು ಬೇರೆಯಾಗಕೂಡದು. ಡಿಡಿಆರ್3 ಪಟ್ಟಿಗೆ 240 ಪಿನ್ನುಗಳು, 1.5 ವೋಲ್ಟು; ಡಿಡಿಆರ್4ಕ್ಕೆ 288 ಪಿನ್ನುಗಳು, 1.2 ವೋಲ್ಟು, ಡಿಡಿಆರ್5ಕ್ಕೂ 288 ಪಿನ್ನುಗಳೇ, ಆದರೆ 1.1 ವೋಲ್ಟು. ಪ್ರತಿಯೊಂದರ ಕಚ್ಚು ಬೇರೆ ಸ್ಥಳದಲ್ಲಿರುವದರಿಂದ ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂಡ್ರದು, ಬಲಾತ್ಕಾರದಿಂದ ಒತ್ತಬಾರದು.

ವೇಗವು ಬೇರೆಯಾದರೆ ಅಡ್ಡಿಯಿಲ್ಲ. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು ನಿಧಾನವಾದ ಎತ್ತಿನ ನಡಿಗೆಯಂತೆ ನಡೆಯುವ ಹಾಗೆ 2666 ಮತ್ತು 2400ರ ಪಟ್ಟಿಗಳು ಎರಡೂ 2400ರಲ್ಲಿ ನಡೆಯುವವು. ಸರ್ವರ್ ಯಂತ್ರಗಳ ರಿಜಿಸ್ಟರ್ಡ್ ಪಟ್ಟಿಯು ಅಗ್ಗವಾಗಿ ಸಿಕ್ಕರೂ ನಮ್ಮ ಸಾಧಾರಣ ಡೆಸ್ಕ್‌ಟಾಪಿಗೆ ಅದು ಒಗ್ಗದು.

4. ಕೊಳ್ಳುವದಕ್ಕಿಂತ ಮೊದಲು

ವಿಂಡೋಸಿನ ಟಾಸ್ಕ್ ಮ್ಯಾನೇಜರನ್ನು ತೆರೆದು, ಪಾಠ ನಡೆಯುವಾಗ ಎಷ್ಟು ಮೆಮೊರಿಯು ತುಂಬಿರುವದೆಂದು ನೋಡಿರಿ. ಅರ್ಧವೂ ತುಂಬದಿದ್ದರೆ ಮಂದತನಕ್ಕೆ ಬೇರೆ ಕಾರಣವುಂಟು. ಆಗ ಹಾರ್ಡ್ ಡಿಸ್ಕಿಗೆ ಬದಲು ಎಸ್‌ಎಸ್‌ಡಿಯನ್ನು ಹಾಕುವದೇ ಹಣದ ಸದುಪಯೋಗ. ವಿಂಡೋಸು 32 ಬಿಟ್ಟಿನದಾದರೆ 4 ಜಿಬಿಗಿಂತ ಹೆಚ್ಚಿನ ರ್‍ಯಾಮು ಅದಕ್ಕೆ ಉಪಯೋಗವಾಗದು. ಮೊದಲು 64 ಬಿಟ್ಟಿನದನ್ನು ಹಾಕಿಸಬೇಕು. ಮದರ್‌ಬೋರ್ಡಿನ ಕೈಪಿಡಿಯಲ್ಲಿ ಒಂದು ಸ್ಲಾಟಿಗೆ ಎಷ್ಟು ಜಿಬಿ, ಒಟ್ಟು ಎಷ್ಟು ಜಿಬಿ ಸಲ್ಲುವದೆಂಬದನ್ನೂ ಓದತಕ್ಕದ್ದು.

5. ಕೂಡಿಸುವ ವಿಧಾನ

ಯಂತ್ರವನ್ನು ನಿಲ್ಲಿಸಿ ಪ್ಲಗ್ಗನ್ನು ಕೀಳಿರಿ. ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಮುಟ್ಟಿರಿ. ಯಾಕಂದರೆ ಮೈಮೇಲಿನ ಸ್ಥಾಯೀ ವಿದ್ಯುತ್ತಿನಿಂದ ಪಟ್ಟಿಯು ಕೆಡಬಹುದು. ಪಟ್ಟಿಯನ್ನು ಅಂಚಿನಿಂದ ಹಿಡಿದು, ಕಚ್ಚನ್ನು ಹೊಂದಿಸಿ, ಎರಡೂ ತುದಿಗಳನ್ನು ಚಿಲಕವು ಕಟ್ಟೆನ್ನುವ ತನಕ ಸಮನಾಗಿ ಒತ್ತಿರಿ. ನಾಲ್ಕು ಸ್ಲಾಟುಗಳಿದ್ದರೆ ಎರಡು ಪಟ್ಟಿಗಳನ್ನು ಒಂದೇ ಚಾನಲಿನಲ್ಲಿ ಇಡದೆ, ಕೈಪಿಡಿಯನ್ನು ನೋಡಿ ಚಾನಲಿಗೊಂದರಂತೆ ಇಡತಕ್ಕದ್ದು. ಯಂತ್ರವು ಏಳದಿದ್ದರೆ ಗಾಬರಿಯಾಗದೆ ಒಂದೊಂದೇ ಪಟ್ಟಿಯನ್ನು ಇಟ್ಟು ಪರೀಕ್ಷಿಸಿರಿ. ಎದ್ದ ಬಳಿಕ ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವನ್ನು ಒಂದು ರಾತ್ರಿ ನಡಿಸಿರಿ. ಒಂದು ತಪ್ಪನ್ನು ತೋರಿಸಿದರೂ ಆ ಜೋಡಿಯನ್ನು ನಂಬಬಾರದು.

ವಿದ್ಯಾರ್ಥಿನಿಯರೇ, ಪೆಟ್ಟಿಗೆಯನ್ನು ತೆರೆಯುವದು ಗಂಡುಮಕ್ಕಳ ಕೆಲಸವೆಂದು ಹಿಂಜರಿಯಬೇಡಿರಿ. ಇದಕ್ಕೆ ಬೇಕಾದದ್ದು ತೋಳಿನ ಬಲವಲ್ಲ. ಓದಿ ತಿಳಿಯುವ ತಾಳ್ಮೆಯೂ ಹಗುರವಾದ ಕೈಯೂ ಸಾಕು. ಹಳೆಯ 4 ಜಿಬಿಯ ಪಟ್ಟಿಯನ್ನು ಸಮವಲ್ಲವೆಂದು ಎಸೆಯದೆ ದುಡಿಸಿಕೊಳ್ಳಬಲ್ಲವಳು ತನ್ನ ಮನೆಗೂ ಶಾಲೆಗೂ ಹಣವನ್ನು ಉಳಿಸುವಳು. ನಿಂತ ಪಾಠವನ್ನು ಮತ್ತೆ ನಡಿಸುವಳು.

ಅಭ್ಯಾಸ

1. 8 ಮತ್ತು 16 ಜಿಬಿಯ ಪಟ್ಟಿಗಳನ್ನು ಚಾನಲಿಗೊಂದರಂತೆ ಇಟ್ಟರೆ ಜೋಡಿಯಾಗಿ ನಡೆಯುವದೆಷ್ಟು, ಒಂಟಿಯಾಗಿ ನಡೆಯುವದೆಷ್ಟು?
2. 3200 ಮತ್ತು 2666ರ ಡಿಡಿಆರ್4 ಪಟ್ಟಿಗಳು ಕೂಡಿ ಯಾವ ವೇಗದಲ್ಲಿ ನಡೆಯುವವು?
3. ರ್‍ಯಾಮನ್ನು ತೆಗೆದರೆ ಉಳಿಸಿಟ್ಟ ಬರಹಗಳು ಯಾಕೆ ಅಳಿಯುವದಿಲ್ಲ?