ಪೈಪಿನಲ್ಲಿ ನೀರುಂಟಾ? ಫ್ಲೋ ಸ್ವಿಚ್ ಕೂರಿಸಲಿಕ್ಕೆ ಕಲಿತದ್ದು

ಏಪ್ರಿಲ್‌ನಲ್ಲಿ ಮೆಲ್ಕಾರ್ ಹತ್ತಿರದ ನಮ್ಮ ಗೆಳೆಯನ ಅಡಿಕೆ ತೋಟದಲ್ಲಿ ಪಂಪು ಹಾಳಾಯ್ತು. ರಾತ್ರಿ ಕರೆಂಟ್ ಬಂದಾಗ ಆಟೋ ಸ್ಟಾರ್ಟರ್ ಪಂಪನ್ನು ತಾನೇ ಶುರು ಮಾಡಿದೆ, ನೀರು ಮಾತ್ರ ಏರಲಿಲ್ಲ. ಬೆಳಿಗ್ಗೆ ನೋಡಿದರೆ ಒಳಗಿನ ಸೀಲ್ ಸುಟ್ಟಿದೆ, ಪಿವಿಸಿ ಜಾಯಿಂಟ್ ಬಿಸಿಗೆ ಮೆತ್ತಗಾಗಿ ಸೊಟ್ಟಗಾಗಿದೆ. ನೇತ್ರಾವತಿ ಹರಿಯುವ ಊರು, ಬಾವಿಯಲ್ಲೂ ನೀರಿತ್ತು! ಫುಟ್‌ವಾಲ್ವ್ ಲೀಕ್ ಆಗಿ ಸಕ್ಷನ್ ಪೈಪು ಖಾಲಿಯಾಗಿತ್ತು, ಅಷ್ಟೆ.

ಬಾವಿಗೆ ಫ್ಲೋಟ್ ಸ್ವಿಚ್ ಹಾಕಿದ್ದರೂ ಪಂಪು ಉಳಿಯುತ್ತಿರಲಿಲ್ಲ. ಅದಕ್ಕೆ ಬಾವಿಯ ನೀರು ಗೊತ್ತು, ಪೈಪಿನ ನೀರು ಗೊತ್ತಿಲ್ಲ. ಪೈಪಿನಲ್ಲಿ ಹರಿವು ಇಲ್ಲದಾಗ ಪಂಪು ನಿಲ್ಲಬೇಕಾದರೆ ಬೇಕಾದದ್ದು ಫ್ಲೋ ಸ್ವಿಚ್.

ಇದರಲ್ಲಿ ಹಲವು ವಿಧ ಉಂಟು. ಪಿಸ್ಟನ್ ಮಾದರಿಗೆ ಶುದ್ಧ ದ್ರವ ಬೇಕು, ಮಣ್ಣಿನ ಕಣ ಸಿಕ್ಕಿದರೆ ಅಂಟಿಕೊಳ್ಳುತ್ತದೆ. ಥರ್ಮಲ್ ಮಾದರಿಯಲ್ಲಿ ಅಲುಗಾಡುವ ಭಾಗವೇ ಇಲ್ಲ, ಆದರೆ ರೇಟು ಜಾಸ್ತಿ. ನಾವು ತಂದದ್ದು ಪ್ಯಾಡಲ್ ಮಾದರಿ: ಪೈಪಿನೊಳಗೆ ತೂಗುವ ತಗಡನ್ನು ನೀರು ತಳ್ಳಿದರೆ ಮೇಲಿನ ಕಾಂಟ್ಯಾಕ್ಟ್ ಕೂಡುತ್ತದೆ. ಪ್ಯಾಡಲ್ ಉದ್ದ ಪೈಪಿನ ಅಳತೆಗೆ ಸರಿಯಾಗಿರಬೇಕು, ಪೈಪಿನ ಗೋಡೆಗೆ ತಾಗಲೇಬಾರದು.

ಎಷ್ಟು ಹರಿವಿಗೆ ಸೆಟ್ ಮಾಡುವುದು? ನಮಗೆ ಫ್ಲೋ ಮೀಟರ್ ಎಲ್ಲಿಂದ! ಗುಡ್ಡದ ಟ್ಯಾಂಕಿಗೆ ನೀರು ಬೀಳುವ ಜಾಗದಲ್ಲಿ 20 ಲೀಟರ್ ಬಕೆಟ್ ಹಿಡಿದೆವು. ಬೆಳಿಗ್ಗೆ 10 ಸೆಕೆಂಡಿಗೆ ತುಂಬಿತು, ಅಂದರೆ ನಿಮಿಷಕ್ಕೆ 120 ಲೀಟರ್. ಎರಡಿಂಚಿನ ಪೈಪಿನಲ್ಲಿ ಇದು ಸೆಕೆಂಡಿಗೆ ಸುಮಾರು 1 ಮೀಟರ್ ವೇಗ. ಸಂಜೆ ಬಾವಿ ಇಳಿದ ಮೇಲೆ 14 ಸೆಕೆಂಡು ಬೇಕಾಯ್ತು, ಸುಮಾರು 85 ಲೀಟರ್. ಬೆಳಗಿನ ಲೆಕ್ಕ ನೋಡಿ 100ಕ್ಕೆ ಸೆಟ್ ಮಾಡಿದ್ದರೆ ಪಂಪು ದಿನಾ ಸಂಜೆ ಸುಮ್ಮನೆ ನಿಲ್ಲುತ್ತಿತ್ತು. ಅದಕ್ಕೆ ಅತಿ ಕಡಿಮೆ ಹರಿವಿಗಿಂತಲೂ ಕೆಳಗೆ, 60 ಲೀಟರ್ ಹತ್ತಿರ ಇಟ್ಟೆವು.

ತಪ್ಪಿದ್ದು ಕೂರಿಸುವಲ್ಲಿ. ವಯರ್ ಹತ್ತಿರ ಆಗ್ತದೆ ಅಂತ ಪಂಪ್ ಶೆಡ್ಡಿನೊಳಗೆ ಎಲ್ಬೋ ಪಕ್ಕದಲ್ಲೇ ಹಾಕಿದೆವು. ತಿರುವು ದಾಟಿದ ನೀರು ಸುಳಿಸುತ್ತಿ ಬರುತ್ತದೆ, ಪ್ಯಾಡಲ್ ನಡುಗಿತು, ಕಾಂಟ್ಯಾಕ್ಟರ್ ಟಕ ಟಕ ಅಂತ ಬಡಿಯಲು ಶುರು. ಗೆಳೆಯನ ಮಾವ ಬಂದು, "ಎಂಥದು ಮಕ್ಕಳೇ ಇದು? ಇದ್ದ ಮೋಟ್ರನ್ನೂ ಸುಡ್ಲಿಕ್ಕುಂಟಾ?" ಅಂದರು. ಮೆಕ್ಯಾನಿಕ್ಸ್ ಕ್ಲಾಸಿನಲ್ಲಿ ಟರ್ಬ್ಯುಲೆನ್ಸ್ ಬಗ್ಗೆ ಎರಡು ಪುಟ ಬರೆದವರು ನಾವು, ನಾಚಿಕೆ ಆಯ್ತು.

ಸ್ವಿಚ್ಚಿನ ಹಿಂದೆ ಮುಂದೆ ಎರಡೂ ಕಡೆ ಪೈಪಿನ ವ್ಯಾಸದ ಕನಿಷ್ಠ 5 ಪಟ್ಟು ನೇರ ಪೈಪು ಬೇಕು. ಎರಡಿಂಚಿಗೆ ಹತ್ತತ್ತು ಇಂಚು, ಅದರೊಳಗೆ ವಾಲ್ವ್, ಎಲ್ಬೋ ಏನೂ ಇರಬಾರದು. ಹಾಗಾಗಿ ಶೆಡ್ಡಿನ ಹೊರಗೆ ಅಡ್ಡ ಪೈಪಿನ ನೆತ್ತಿಯಲ್ಲಿ ನೆಟ್ಟಗೆ ಕೂರಿಸಿ, ಮೈಮೇಲಿನ ಬಾಣವನ್ನು ನೀರು ಹೋಗುವ ದಿಕ್ಕಿಗೆ ತಿರುಗಿಸಿದೆವು. ಅಡಿಯಲ್ಲಿ ಕೂರಿಸಿದರೆ ಕೆಸರು ತುಂಬುತ್ತದೆ. ನಿಂತ ಪೈಪಾದರೆ ನೀರು ಮೇಲಕ್ಕೆ ಹೋಗುವ ಪೈಪೇ ಆಗಬೇಕು. ಹೊರಗೆ ಮಳೆ ಬೀಳುವುದರಿಂದ ನೀರು ನುಗ್ಗದ ಡಬ್ಬಿಯದ್ದೇ ತೆಗೆದುಕೊಳ್ಳಿ.

ವಯರಿಂಗ್ ಎಲೆಕ್ಟ್ರಿಷಿಯನ್ ಅಣ್ಣನಿಂದಲೇ ಮಾಡಿಸಿದೆವು. ಇಂಥ ಸಣ್ಣ ಸ್ವಿಚ್ಚಿನ ಮೂಲಕ ಮೋಟ್ರಿನ ಕರೆಂಟ್ ಹರಿಸಬಾರದು, ಕಾಂಟ್ಯಾಕ್ಟರ್ ಕಾಯಿಲ್‌ಗೆ ಮಾತ್ರ ಕೊಡಬೇಕು. ಪಂಪು ಶುರುವಾಗುವ ಹೊತ್ತಿಗೆ ಹರಿವು ಇರುವುದಿಲ್ಲವಲ್ಲ, ಹಾಗಾಗಿ ಮೊದಲ 20 ಸೆಕೆಂಡು ಸ್ವಿಚ್ಚನ್ನು ಬೈಪಾಸ್ ಮಾಡುವ ಟೈಮರ್ ಬೇಕಾಯ್ತು. ಒಮ್ಮೆ ಟ್ರಿಪ್ ಆದರೆ ಕೈಯಾರೆ ರೀಸೆಟ್ ಮಾಡುವವರೆಗೆ ಶುರುವಾಗದ ಹಾಗೆಯೂ ಮಾಡಿಸಿದೆವು. ಇಲ್ಲದಿದ್ದರೆ ಆಟೋ ಸ್ಟಾರ್ಟರ್ ಇಡೀ ರಾತ್ರಿ ಖಾಲಿ ಪಂಪನ್ನು ಮತ್ತೆ ಮತ್ತೆ ಎಬ್ಬಿಸುತ್ತಿರುತ್ತದೆ.

ಕೊನೆಗೆ ಪಂಪು ಓಡುತ್ತಿರುವಾಗ ಡೆಲಿವರಿ ವಾಲ್ವನ್ನು ನಿಧಾನಕ್ಕೆ ಮುಚ್ಚಿದೆವು. ಪಂಪು ನಿಂತಿತು. ವಾಲ್ವ್ ತೆರೆದರೂ ಶುರುವಾಗಲಿಲ್ಲ, ರೀಸೆಟ್ ಒತ್ತಿದ ಮೇಲೇ ಶುರುವಾಯ್ತು. ಮಾವ ಮಾತ್ರ ಈಗಲೂ ರಾತ್ರಿ ಟಾರ್ಚ್ ಹಿಡಿದು ಒಂದು ಸಲ ನೋಡಿ ಬಂದೇ ಮಲಗುವುದು.