ಶಬ್ದ ಹೇಳುವ ಸುದ್ದಿ

ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಏನು ಮಾಡುತ್ತೀರಿ? ಬೆರಳು ಮಡಚಿ ತಟ್ಟಿ ನೋಡುತ್ತೀರಿ, ಅಲ್ಲವೆ? ಗಟ್ಟಿ ಗಡಿಗೆ 'ಟಣ್' ಎನ್ನುತ್ತದೆ. ಬಿರುಕು ಬಿಟ್ಟ ಗಡಿಗೆ 'ದಬ್' ಎನ್ನುತ್ತದೆ. ಸಣ್ಣ ಬಿರುಕು ಕಣ್ಣಿಗೆ ಕಾಣದು. ಆದರೆ ಕಿವಿಗೆ ತಿಳಿಯುತ್ತದೆ.

ವೈದ್ಯರೂ ಹೀಗೆ ಮಾಡುತ್ತಾರೆ. ಎದೆಯ ಮೇಲೆ, ಬೆನ್ನಿನ ಮೇಲೆ ಬೆರಳಿಟ್ಟು ತಟ್ಟುತ್ತಾರೆ. ಗಾಳಿ ತುಂಬಿದ ಜಾಗದ ಶಬ್ದ ಬೇರೆ. ನೀರು ತುಂಬಿದ ಜಾಗದ ಶಬ್ದ ಬೇರೆ. ಈ ಕ್ರಮವನ್ನು 1761ರಲ್ಲಿ ಬರೆದು ತಿಳಿಸಿದವರು ಆಸ್ಟ್ರಿಯಾ ದೇಶದ ವೈದ್ಯ ಔಎನ್‌ಬ್ರುಗ್ಗರ್.

1816ರಲ್ಲಿ ಫ್ರಾನ್ಸ್ ದೇಶದ ವೈದ್ಯ ಲೆನೆಕ್ ಇನ್ನೊಂದು ಉಪಾಯ ಕಂಡುಕೊಂಡರು. ಕಾಗದವನ್ನು ಕೊಳವೆಯಂತೆ ಸುತ್ತಿದರು. ಒಂದು ತುದಿಯನ್ನು ರೋಗಿಯ ಎದೆಗೆ ಇಟ್ಟರು. ಇನ್ನೊಂದು ತುದಿಗೆ ಕಿವಿ ಕೊಟ್ಟರು. ಎದೆಬಡಿತ ಚೆನ್ನಾಗಿ ಕೇಳಿಸಿತು. ಇದೇ ಮುಂದೆ ಸ್ಟೆತಸ್ಕೋಪ್ ಆಯಿತು.

ರಕ್ತದೊತ್ತಡ, ಅಂದರೆ ಬಿ.ಪಿ. ನೋಡುವಾಗಲೂ ಶಬ್ದವೇ ಆಧಾರ. ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬುತ್ತಾರೆ. ನಿಧಾನವಾಗಿ ಗಾಳಿ ಬಿಡುತ್ತಾರೆ. 'ಟಕ್ ಟಕ್' ಶಬ್ದ ಶುರುವಾದಾಗ ಮೇಲಿನ ಅಂಕಿ. ಶಬ್ದ ನಿಂತಾಗ ಕೆಳಗಿನ ಅಂಕಿ.

ಕಿವಿಯನ್ನೇ ಪರೀಕ್ಷೆ ಮಾಡಬೇಕಾದರೆ? ಅದಕ್ಕೂ ಶಬ್ದವೇ ಬೇಕು.

ಒಂದು ಮನೆಯ ಮಾತು ಕೇಳಿ. ಮಗುವಿಗೆ ಎರಡು ವರ್ಷ. ಇನ್ನೂ 'ಅಮ್ಮ' ಅಂದಿಲ್ಲ. ಆಶಾ ಕಾರ್ಯಕರ್ತೆ ಮನೆಗೆ ಬಂದರು.

"ಯಾಕವ್ವಾ, ಮಗು ಇನ್ನೂ ಮಾತಾಡ್ತಿಲ್ವಾ?"

"ಇಲ್ಲ ಅಕ್ಕಾ. ಇದರಪ್ಪನೂ ತಡವಾಗೇ ಮಾತಾಡಿದ್ರಂತೆ. ಕಾಯೋಣ ಅಂತಾರೆ ಅತ್ತೆ."

"ಹಿಂದಿನಿಂದ ಕರೆದ್ರೆ ತಿರುಗುತ್ತಾ?"

"ಇಲ್ಲ. ಎದುರಿಗೆ ಬಂದ್ರೆ ನಗುತ್ತೆ. ಹಬ್ಬದಲ್ಲಿ ಪಟಾಕಿ ಹೊಡೆದ್ರೂ ಏಳಲಿಲ್ಲ."

"ಹಂಗಾದ್ರೆ ಕಾಯಬೇಡವ್ವಾ. ಮಾತು ಕಿವಿಗೆ ಬಿದ್ದರೆ ತಾನೆ ಮಗು ಕಲಿಯೋದು? ಕಿವಿ ಪರೀಕ್ಷೆ ಮಾಡಿಸೋಣ."

"ಅಯ್ಯೋ, ಸೂಜಿ ಚುಚ್ಚುತ್ತಾರಾ?"

"ಇಲ್ಲವ್ವಾ. ನೋವೇ ಇಲ್ಲ."

ಪರೀಕ್ಷೆ ಹೇಗೆ ನಡೆಯುತ್ತದೆ? ದೊಡ್ಡವರಿಗೆ ಒಂದು ರೀತಿ. ಗದ್ದಲವಿಲ್ಲದ ಕೋಣೆಯಲ್ಲಿ ಕೂರಿಸುತ್ತಾರೆ. ಕಿವಿಗೆ ಹೆಡ್‌ಫೋನ್ ಹಾಕುತ್ತಾರೆ. 'ಪೀ' ಎಂಬ ಶಬ್ದ ಬಿಡುತ್ತಾರೆ. ಕೇಳಿಸಿದರೆ ಕೈ ಎತ್ತಬೇಕು. ಶಬ್ದವನ್ನು ಮೆಲ್ಲಗೆ ಮಾಡುತ್ತಾ ಹೋಗುತ್ತಾರೆ. ಅತಿ ಮೆಲ್ಲಗಿನ ಯಾವ ಶಬ್ದ ಕೇಳಿಸಿತು ಎಂದು ಗುರುತು ಹಾಕುತ್ತಾರೆ. ಈ ಯಂತ್ರದ ಹೆಸರು ಆಡಿಯೋಮೀಟರ್.

ಶಬ್ದದ ಜೋರನ್ನು ಡೆಸಿಬಲ್‌ನಲ್ಲಿ ಅಳೆಯುತ್ತಾರೆ. ನಮ್ಮ ಮಾಮೂಲಿ ಮಾತು ಸುಮಾರು 60 ಡೆಸಿಬಲ್. ಶಬ್ದ ಕೀಚಲೋ ದಪ್ಪವೋ ಎಂಬುದನ್ನು ಹರ್ಟ್ಸ್‌ನಲ್ಲಿ ಅಳೆಯುತ್ತಾರೆ. ಮನುಷ್ಯರಿಗೆ 20ರಿಂದ 20,000 ಹರ್ಟ್ಸ್‌ವರೆಗಿನ ಶಬ್ದ ಕೇಳುತ್ತದೆ. ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಬಳಸುವ ಶಬ್ದ ಇದಕ್ಕಿಂತ ಬಹಳ ಮೇಲಿನದು. ಅದಕ್ಕೇ ಅದು ನಮಗೆ ಕೇಳಿಸದು.

ಹಸುಗೂಸು ಕೈ ಎತ್ತಲಾರದು. ಅದಕ್ಕೆ ಬೇರೆ ಉಪಾಯ ಇದೆ. ಮಗು ಮಲಗಿದ್ದಾಗ ಕಿವಿಗೆ ಮೆತ್ತನೆಯ ಪುಟ್ಟ ಬಿರಡೆ ಇಡುತ್ತಾರೆ. ಅದರಿಂದ 'ಟಿಕ್ ಟಿಕ್' ಶಬ್ದ ಬರುತ್ತದೆ. ಕಿವಿಯ ಒಳಭಾಗ ಸರಿಯಾಗಿದ್ದರೆ ಅಲ್ಲಿಂದ ಅತಿ ಸಣ್ಣ ಶಬ್ದ ಮರಳಿ ಬರುತ್ತದೆ. ಅದನ್ನು ಯಂತ್ರ ಹಿಡಿಯುತ್ತದೆ. ಮರುಶಬ್ದ ಬರದಿದ್ದರೆ ಕಿವುಡು ಎಂದು ಕೂಡಲೇ ಹೆದರಬೇಡಿ. ಕಿವಿಯಲ್ಲಿ ನೀರಿನಂಶ ಇದ್ದರೂ ಹೀಗಾಗುತ್ತದೆ. ಮತ್ತೆ ಪರೀಕ್ಷೆ ಮಾಡಿಸಬೇಕು. ಬಿಡಬಾರದು.

ಹುಟ್ಟಿದ ಒಂದು ತಿಂಗಳೊಳಗೆ ಮೊದಲ ಪರೀಕ್ಷೆ ಆಗಬೇಕು. ಮೂರು ತಿಂಗಳೊಳಗೆ ದೋಷ ಇದೆಯೋ ಇಲ್ಲವೋ ಖಚಿತವಾಗಬೇಕು. ಇದ್ದರೆ ಆರು ತಿಂಗಳೊಳಗೆ ಚಿಕಿತ್ಸೆ, ತರಬೇತಿ ಶುರುವಾಗಬೇಕು. ಆಗ ಶ್ರವಣ ಯಂತ್ರ, ಮಾತಿನ ತರಬೇತಿ, ಸನ್ನೆ ಭಾಷೆ ಎಲ್ಲವೂ ಮಗುವಿಗೆ ಹೆಚ್ಚು ಉಪಯೋಗಕ್ಕೆ ಬರುತ್ತವೆ. ತಡವಾಗಿದೆಯೆ? ಇಂದೇ ಹೊರಡಿ.

ಎಲ್ಲಿಗೆ ಹೋಗಬೇಕು? ಆಶಾ ಕಾರ್ಯಕರ್ತೆಯನ್ನು ಕೇಳಿ. ಜಿಲ್ಲಾ ಆಸ್ಪತ್ರೆಯ ಕಿವಿ ವೈದ್ಯರನ್ನು ಕಾಣಿ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅದು 1965ರಲ್ಲಿ ಶುರುವಾಯಿತು. ಕೇಳುವ, ಮಾತನಾಡುವ ತೊಂದರೆಗೆ ಅಲ್ಲಿ ಪರೀಕ್ಷೆ, ಚಿಕಿತ್ಸೆ, ತರಬೇತಿ ಸಿಗುತ್ತವೆ.

ನೆನಪಿಡಿ
* ಮಗು ಶಬ್ದಕ್ಕೆ ಬೆಚ್ಚದಿದ್ದರೆ, ಕರೆದರೆ ತಿರುಗದಿದ್ದರೆ ಪರೀಕ್ಷೆ ಮಾಡಿಸಿ.
* ಕಿವಿಗೆ ಕಡ್ಡಿ, ಪಿನ್ನು ಹಾಕಬೇಡಿ. ಕಾದ ಎಣ್ಣೆ ಬಿಡಬೇಡಿ.
* ಕಿವಿ ಸೋರುತ್ತಿದ್ದರೆ ಸುಮ್ಮನಿರಬೇಡಿ. ವೈದ್ಯರಿಗೆ ತೋರಿಸಿ.
* ಕೇಳದ ಮಗುವನ್ನು 'ಮೂಗ', 'ದಡ್ಡ' ಎನ್ನಬೇಡಿ. ಅದಕ್ಕೂ ಬುದ್ಧಿ ಇದೆ. ಅದಕ್ಕೂ ಶಾಲೆ ಇದೆ.

ಉತ್ತರ ಹೇಳಿ
1. ಬಿ.ಪಿ. ನೋಡುವಾಗ ಮೇಲಿನ ಅಂಕಿ ಹೇಗೆ ತಿಳಿಯುತ್ತದೆ?
2. ಹಸುಗೂಸಿನ ಕಿವಿಯನ್ನು ಹೇಗೆ ಪರೀಕ್ಷಿಸುತ್ತಾರೆ?
3. ನಿಮ್ಮ ಓಣಿಯಲ್ಲಿ ಕರೆದರೆ ತಿರುಗದ ಮಗು ಇದೆಯೆ? ಅದರ ತಾಯಿಗೆ ನೀವು ಏನು ಹೇಳುತ್ತೀರಿ?