ದ್ಯೂತವ್ಯಸನವೂ ಅದರ ಚಿಕಿತ್ಸೆಯೂ

ಧರ್ಮರಾಯನು ದ್ಯೂತದಲ್ಲಿ ರಾಜ್ಯವನ್ನೂ ತಮ್ಮಂದಿರನ್ನೂ ದ್ರೌಪದಿಯನ್ನೂ ಸೋತ ಕಥೆಯನ್ನು ಅರಿಯದವರು ನಮ್ಮಲ್ಲಿಲ್ಲ. ಆದರೆ ಆ ಕಥೆಯ ಒಂದು ಅಂಶವನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಸೋತುದೆಲ್ಲವನ್ನೂ ಧೃತರಾಷ್ಟ್ರನು ಹಿಂದಿರುಗಿಸಿದ್ದನು. ಪಾಂಡವರು ಇಂದ್ರಪ್ರಸ್ಥದ ದಾರಿ ಹಿಡಿದಿದ್ದರು. ಅಷ್ಟರಲ್ಲಿ ಮತ್ತೊಮ್ಮೆ ಕರೆ ಬಂದಿತು. ಧರ್ಮರಾಯನು ಮರಳಿ ಹೋಗಿ ಕುಳಿತನು. ಹನ್ನೆರಡು ವರ್ಷಗಳ ವನವಾಸ, ಒಂದು ವರ್ಷದ ಅಜ್ಞಾತವಾಸ ಇವು ಈ ಎರಡನೆಯ ಆಟದ ಫಲ. ಹಿರಿಯರ ಕರೆಯನ್ನು ಮೀರಲಾರೆನೆಂದು ಅವನು ಕಾರಣ ಹೇಳಿದನು. ಇಂದಿನ ಜೂಜುಗಾರನೂ ಏನಾದರೊಂದು ಕಾರಣ ಹೇಳುತ್ತಾನೆ. ಎಲ್ಲ ಅನರ್ಥವನ್ನೂ ಕಣ್ಣಾರೆ ಕಂಡ ಮೇಲೂ ಮನುಷ್ಯನು ಎರಡನೆಯ ಸಲ ಏಕೆ ಕುಳಿತುಕೊಳ್ಳುತ್ತಾನೆ? ಮನಶ್ಶಾಸ್ತ್ರಕ್ಕೆ ಮುಖ್ಯವಾದ ಪ್ರಶ್ನೆ ಇದೇ.

ಜೂಜುಗಾರನನ್ನು ಲೋಕವು ಬಹುಕಾಲ ನೀತಿಗೆಟ್ಟವನೆಂದೇ ಎಣಿಸಿತು. ಅಮೆರಿಕದ ಮನೋವೈದ್ಯರ ಸಂಘವು 1980ರಲ್ಲಿ ಮಿತಿಮೀರಿದ ಜೂಜನ್ನು ತನ್ನ ರೋಗಪಟ್ಟಿಗೆ ಸೇರಿಸಿತು. 2013ರಲ್ಲಿ ಮದ್ಯ, ಮಾದಕವಸ್ತುಗಳ ವ್ಯಸನದ ಸಾಲಿನಲ್ಲಿಯೇ ಅದನ್ನು ಇರಿಸಿತು. ಇದಕ್ಕೂ ಮುಂಚೆಯೇ ಬಿ. ಎಫ್. ಸ್ಕಿನ್ನರ್ ಎಂಬ ವಿಜ್ಞಾನಿಯ ಪ್ರಯೋಗಗಳು ಈ ವ್ಯಸನದ ಬೇರನ್ನು ತೋರಿಸಿಕೊಟ್ಟಿದ್ದವು. ಒಂದು ಗುಂಡಿಯನ್ನು ಕುಟುಕಿದಾಗಲೆಲ್ಲ ಕಾಳು ಪಡೆಯುತ್ತಿದ್ದ ಪಾರಿವಾಳವು, ಕಾಳು ನಿಂತೊಡನೆ ಬೇಗನೆ ಕುಟುಕುವುದನ್ನು ಬಿಡುತ್ತದೆ. ಒಮ್ಮೆ ಐದು ಕುಟುಕಿಗೆ, ಒಮ್ಮೆ ಐವತ್ತಕ್ಕೆ, ಹೀಗೆ ಗೊತ್ತುಗುರಿಯಿಲ್ಲದೆ ಕಾಳು ಪಡೆದ ಪಾರಿವಾಳವಾದರೋ ಕಾಳು ನಿಂತ ಮೇಲೂ ಬಹುಕಾಲ ಕುಟುಕುತ್ತಲೇ ಇರುತ್ತದೆ. ಇಸ್ಪೀಟಿನ ಎಲೆಯಾಗಲಿ, ಮೊಬೈಲಿನ ಪಂದ್ಯವಾಗಲಿ, ಮನುಷ್ಯನಿಗೆ ಕಾಳು ಹಾಕುವುದು ಈ ಎರಡನೆಯ ಬಗೆಯಲ್ಲಿಯೇ. ಎಂದೋ ಒಂದು ದಿನದ ಗೆಲವು ನೂರು ದಿನಗಳ ಸೋಲನ್ನು ಮರೆಸುತ್ತದೆ.

ಜೂಜು ಕಲಿತ ವರ್ತನೆಯಾದರೆ ಅದನ್ನು ಬಿಡಿಸಲೂ ಸಾಧ್ಯವಿರಬೇಕಷ್ಟೆ. 1960ರ ದಶಕದಲ್ಲಿ ಕೆಲವು ವೈದ್ಯರು ರೋಗಿಯನ್ನು ಜೂಜಿನ ಯಂತ್ರದ ಮುಂದೆ ನಿಲ್ಲಿಸಿ, ಅವನು ಆಡುತ್ತಿರುವಾಗ ವಿದ್ಯುತ್ತಿನ ಆಘಾತ ಕೊಟ್ಟು ನೋಡಿದರು. ಆಟದೊಡನೆ ನೋವು ಬೆಸೆದರೆ ಆಸೆ ಅಳಿಯುವುದೆಂದು ಅವರ ಎಣಿಕೆ. ಆಸ್ಟ್ರೇಲಿಯದಲ್ಲಿ ಮೆಕಾನಗಿ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಅಧ್ಯಯನವು ಬೇರೊಂದು ಮಾರ್ಗವನ್ನು ಇದರೊಡನೆ ಹೋಲಿಸಿತು. ರೋಗಿಯು ಮೈಮನಸ್ಸುಗಳನ್ನು ಸಡಿಲಿಸಿ ಕುಳಿತು, ಜೂಜಿನ ಸ್ಥಳದವರೆಗೆ ಹೋಗಿ ಆಡದೆಯೇ ಹಿಂದಿರುಗುವುದನ್ನು ಕಲ್ಪಿಸಿಕೊಳ್ಳುವುದು ಆ ಮಾರ್ಗ. ಆಘಾತಕ್ಕಿಂತ ಇದೇ ಹೆಚ್ಚು ಫಲ ಕೊಟ್ಟಿತು. ದಂಡನೆಗಿಂತ ಶಾಂತವಾದ ಅಭ್ಯಾಸವೇ ಮೇಲೆಂಬುದು ಗಮನಾರ್ಹ.

ಇಂದಿನ ವರ್ತನಾ ಚಿಕಿತ್ಸೆಯಲ್ಲಿ ಹಲವು ಮೆಟ್ಟಿಲುಗಳುಂಟು. ಮೊದಲನೆಯದು ದಿನಚರಿ: ಯಾವ ಹೊತ್ತಿನಲ್ಲಿ, ಯಾರ ಜೊತೆಯಲ್ಲಿ, ಯಾವ ಬೇಸರದಲ್ಲಿ ಆಡುವ ಮನಸ್ಸಾಯಿತೆಂದು ಬರೆದಿಡುವುದು. ಎರಡನೆಯದು ಸನ್ನಿವೇಶವನ್ನು ಬದಲಿಸುವುದು: ಕೈಯಲ್ಲಿ ಹೆಚ್ಚು ಹಣವಿಟ್ಟುಕೊಳ್ಳದೆ ಲೆಕ್ಕವನ್ನು ನಂಬಿಕೆಯ ಮನೆಯವರಿಗೆ ಒಪ್ಪಿಸುವುದು, ಆ ಬೀದಿಯನ್ನು ಬಿಟ್ಟು ಬೇರೆ ಬೀದಿಯಲ್ಲಿ ನಡೆಯುವುದು, ಫೋನಿನಿಂದ ಆ ಆಟಗಳನ್ನು ತೆಗೆದುಹಾಕುವುದು. ಮೂರನೆಯದು, ಬರಿದಾದ ಹೊತ್ತನ್ನು ಸಂತೋಷ ಕೊಡುವ ಬೇರೆ ಕೆಲಸದಿಂದ ತುಂಬುವುದು.

ನಾಲ್ಕನೆಯದು ತಪ್ಪು ತರ್ಕವನ್ನು ತಿದ್ದುವುದು. 1913ರಲ್ಲಿ ಮಾಂಟೆ ಕಾರ್ಲೋದ ಜೂಜುಮನೆಯಲ್ಲಿ ಚಕ್ರದ ಗುಂಡು ಒಂದೇಸಮನೆ 26 ಸಲ ಕಪ್ಪು ಮನೆಯಲ್ಲಿಯೇ ನಿಂತಿತು. ಇನ್ನು ಕೆಂಪು ಬಂದೇ ತೀರಬೇಕೆಂದು ಪಣ ಒಡ್ಡುತ್ತ ಹೋದವರು ಅಪಾರ ಹಣ ಕಳೆದುಕೊಂಡರು. ಗುಂಡಿಗೆ ನೆನಪಿಲ್ಲ, ಹಿಂದಿನ ಸೋಲು ಮುಂದಿನ ಗೆಲವಿಗೆ ಮುಂಗಡವಲ್ಲ. ಕೆನಡಾದ ರಾಬರ್ಟ್ ಲಾಡುಸ್ಯೂರ್ ಮೊದಲಾದವರು ಇಂತಹ ನಂಬಿಕೆಗಳನ್ನು ತಿದ್ದುವುದನ್ನೇ ಚಿಕಿತ್ಸೆಯ ಮುಖ್ಯ ಭಾಗವಾಗಿ ಮಾಡಿದರು.

ಕೊನೆಯ ಮೆಟ್ಟಿಲೇ ಅತ್ಯಂತ ಕಠಿಣ: ಎರಡನೆಯ ಕರೆಗೆ ಸಿದ್ಧನಾಗಿರುವುದು. ಆಡಬೇಕೆಂಬ ತವಕವು ಅಲೆಯಂತೆ ಏರಿ, ಕೆಲಹೊತ್ತು ತಡೆದರೆ ತಾನೇ ಇಳಿಯುತ್ತದೆ. ಒಮ್ಮೆ ಜಾರಿದವನೂ ಪೂರ್ಣವಾಗಿ ಬಿದ್ದವನಲ್ಲ. ಎದ್ದು ಮತ್ತೆ ದಿನಚರಿ ತೆರೆಯಬೇಕು. ಚಿಕಿತ್ಸೆಯು ಎಲ್ಲರನ್ನೂ ಗುಣಪಡಿಸುವುದೆಂದಲ್ಲ. ನಡುವೆ ಬಿಟ್ಟುಹೋಗುವವರೂ ಅನೇಕರು.

ಸಹಪಾಠಿಗಳೇ, ಈ ವಿಷಯ ನಮ್ಮಿಂದ ದೂರದ್ದೇನಲ್ಲ. ಪರೀಕ್ಷಾ ಶುಲ್ಕದ ಹಣವನ್ನು ಕ್ರಿಕೆಟ್ ಪಂದ್ಯದ ಮೇಲೆ ಕಟ್ಟಿ, ಅದನ್ನು ಹಿಂದಕ್ಕೆ ಪಡೆಯಲೆಂದು ಸಾಲ ಮಾಡಿ, ಆ ಸಾಲವನ್ನು ತೀರಿಸಲೆಂದು ಮತ್ತೆ ಕಟ್ಟುವ ಗೆಳೆಯನು ಯಾವ ವಿದ್ಯಾರ್ಥಿನಿಲಯದಲ್ಲಿಯೂ ಇರಬಹುದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರಲ್ಲಿ ಅಂಗೀಕರಿಸಿತು. ಕಾಯಿದೆಯು ಅಂಗಡಿಯನ್ನು ಮುಚ್ಚಿಸಬಲ್ಲದು. ಮನಸ್ಸಿನ ಕಲಿಕೆಯನ್ನು ಅಳಿಸಲಾರದು. ಅಂತಹ ಗೆಳೆಯನನ್ನು ಹೀಯಾಳಿಸುವುದರಿಂದ ಅವನು ಅಡಗಿ ಆಡುವನೇ ಹೊರತು ಬಿಡುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಗಳಲ್ಲಿ ವ್ಯಸನಗಳಿಗೆ ಚಿಕಿತ್ಸೆಯುಂಟು. 14416 ಸಂಖ್ಯೆಗೆ ಕರೆಮಾಡಿದರೆ ಟೆಲಿ ಮಾನಸ್ ಸೇವೆಯವರು ಸಲಹೆ ನೀಡುತ್ತಾರೆ.

ಹಸ್ತಿನಾವತಿಯ ಆ ಸಭೆಯಲ್ಲಿ ತಿಳಿದವರು ಬಹುಮಂದಿ ಇದ್ದರು. ಎರಡನೆಯ ಕರೆ ಬಂದಾಗ ಧರ್ಮರಾಯನ ಕೈಹಿಡಿದು ನಿಲ್ಲಿಸಿದವರು ಮಾತ್ರ ಯಾರೂ ಇರಲಿಲ್ಲ. ನಮ್ಮ ಗೆಳೆಯನಿಗಾದರೂ ಅಂತಹವನೊಬ್ಬನಿರಲಿ.